ಮಖಮಲ್ಲಿನ ಅಂಗಿ ತೊಟ್ಟ ಸ್ಪೀಕರು

ಬಾಡಿಗೆ ಗಾಡಿ ಬೇಡ ಎಂದು ಗಿನ್‌ಚು ಹೇಳಿದ್ದು ಒಂದೇ ಸಲ. ಆದರೆ ಹೇಳಿದ್ದು ಗಾಡಿಯ ಮಾಲೀಕನ ಮುಖದೆದುರಿಗೇ. ಎಡವಟ್ಟಾದದ್ದು ಅಲ್ಲಿ.

ಮಾಲೀಕ ಬೇರೆ ಯಾರೂ ಅಲ್ಲ, ಗಂಡ ಚಿಂಗ್‌ಹೋನ ಚಿಕ್ಕಪ್ಪನ ಮಗ ಬುನ್‌ಥಿಂಗ್. ತುಂಗ್‌ಕಾಂಗ್ ಬಂದರಿನಲ್ಲಿ ಮದುವೆಯಾಗಲಿ, ಹೊಸ ದೋಣಿ ನೀರಿಗಿಳಿಯಲಿ, ಅವನ ಗಾಡಿ ಬಂದು ಪಕ್ಕದ ರೆಕ್ಕೆ ಬಿಚ್ಚಿ ನಿಂತರೆ ಅದೇ ವೇದಿಕೆ, ಅದೇ ಬಣ್ಣದ ದೀಪ, ಅದೇ ಎದೆಗೂಡು ನಡುಗಿಸುವ ಸದ್ದು. ಅತ್ತೆಯ ಎಂಬತ್ತನೇ ಹುಟ್ಟುಹಬ್ಬಕ್ಕೂ ತಾನೇ ಬರುವವನೆಂದು ಅವನು ಲೆಕ್ಕ ಹಾಕಿಕೊಂಡಿದ್ದ.

"ಅತ್ತಿಗೆ, ದೊಡ್ಡಮ್ಮನ ಊಟದ ದಿನ ಎಂಟಕ್ಕೇ ಗಾಡಿ ತಂದು ನಿಲ್ಲಿಸ್ತೀನಿ."

"ಬೇಡಪ್ಪ. ಸ್ಪೀಕರು ನಾನೇ ಇಡ್ತೀನಿ."

"ನೀವಾ?"

"ಯಾಕೆ, ನನ್ನ ಕೈಗೆ ಏನಾಗಿದೆ?"

ಕೈಗೆ ಏನೂ ಆಗಿರಲಿಲ್ಲ. ಆ ಕೈ ಕಾವ್‌ಸ್ಯುಂಗ್‌ನ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಸ್ಪೀಕರುಗಳಿಗೆ ಬೆಸುಗೆ ಹಾಕಿದ ಕೈ. ದಿನಕ್ಕೆ ಮುನ್ನೂರು. ಒಂದಾದರೂ ಬೆಸುಗೆ ಬಿಟ್ಟು ವಾಪಸು ಬಂದದ್ದಿಲ್ಲ. (ಈ ಕಥೆಯನ್ನು ಚಿಂಗ್‌ಹೋ ಎಷ್ಟು ಸಲ ಕೇಳಿದ್ದನೆಂದರೆ, ಹೆಂಡತಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವನೂ ತೆಗೆದುಕೊಳ್ಳುತ್ತಿದ್ದ.)

ಆದರೆ ಗಾಡಿ ಬೇಡವೆಂದದ್ದು ಬರೀ ಜಂಬಕ್ಕಲ್ಲ. ಅತ್ತೆ ಹಾಡಬೇಕೆಂದಿದ್ದರು. ಎಂಬತ್ತು ವರ್ಷದಲ್ಲಿ ಮೈಕು ಮುಟ್ಟದವರು, ಮೂರು ತಿಂಗಳಿಂದ ಸೀಗಡಿ ಒಣಗಿಸುತ್ತ ಒಂದೇ ಹಾಡು ಗುನುಗುತ್ತಿದ್ದರು. ಮಾವ ಬದುಕಿದ್ದಾಗ ಬಲೆ ಹೊಲಿಯುತ್ತ ಹಾಡುತ್ತಿದ್ದ ಹಾಡು ಅದು, ಕತ್ತಲಲ್ಲಿ ದಡ ಹುಡುಕುವ ದೋಣಿಯದು.

"ಆ ಹುಡುಗನ ಗಾಡೀಲಿ ಹಾಡಿದ್ರೆ ಬರೀ ಧಡಧಡ ಕೇಳಿಸ್ತದೆ, ಮಾತು ಕೇಳಿಸಲ್ಲ," ಎಂದಿದ್ದರು ಅತ್ತೆ. "ನಿಮ್ಮ ಮಾವನ ಹಾಡು ಅದು. ಕೊನೇ ಮೇಜಿನೋರಿಗೂ ಒಂದೊಂದು ಮಾತೂ ಕೇಳಿಸ್ಬೇಕು. ಆಗ್ತದಾ?"

"ಕೇಳಿಸ್ತದೆ ಅತ್ತೆ. ಕೇಳಿಸದಿದ್ರೆ ನನ್ನ ಕೈ ಯಾಕಿದೆ?"

ಹೀಗೆ ಕೊಟ್ಟ ಮಾತು ಅದು. ಹನ್ನೆರಡು ಮೇಜು, ಒಂದು ಹಾಡು, ಕೊನೆಯ ಮೇಜು.

ಸ್ಪೀಕರು ಎರಡನ್ನು ಗಿನ್‌ಚು ತನ್ನ ಹಾಡಿನ ಬಳಗದಿಂದ ಎರವಲು ತಂದಳು. ಇವು ಫ್ಯಾಕ್ಟರಿಯ ಕಾಲದವಲ್ಲ. ಆಗಿನ ಸ್ಪೀಕರು ಬಡಪಾಯಿ, ಹೊರಗಿನ ಆಂಪ್ಲಿಫಯರು ಊಡಿದ್ದನ್ನು ಒದರಿಕೊಂಡಿರುತ್ತಿತ್ತು. ಈಗಿನದಕ್ಕೆ ಆಂಪ್ಲಿಫಯರು ಹೊಟ್ಟೆಯೊಳಗೇ ಇದೆ. ಬೆನ್ನಿಗೆ ಎರಡು ವೈರು: ಒಂದು ಕರೆಂಟಿಗೆ, ಒಂದು ಹಾಡಿಗೆ. ಗಿನ್‌ಚು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, "ಎಲ್ಲಾ ಒಂದೇ," ಎಂದು ತೀರ್ಪು ಕೊಟ್ಟಳು.

ಒಂದೇ ಕೊರತೆ, ನೋಡಲು ಚೆನ್ನಾಗಿರಲಿಲ್ಲ. ಮೂಲೆ ಸವೆದು, ಬಣ್ಣ ಕಿತ್ತು, ಮೀನುಪೇಟೆಯ ಡಬ್ಬಿಗಳಂತಿದ್ದವು. ಅತ್ತೆಯ ಹಬ್ಬದ ಕೋಟಿಗೆಂದು ತಂದ ಕೆಂಪು ಮಖಮಲ್ಲು ಮೂರು ಗಜ ಉಳಿದಿತ್ತು. ಗಿನ್‌ಚು ಟೇಪು ಹಿಡಿದು ಅಳತೆ ತೆಗೆದಳು. ನಾಲ್ಕು ಸಂಜೆ ಕೂತು ಎರಡಕ್ಕೂ ಅಂಗಿ ಹೊಲಿದಳು. ಮುಂದೆ ಜಾಲರಿಯಷ್ಟಕ್ಕೆ ಕಿಟಕಿ, ಅಂಚಿಗೆ ಚಿನ್ನದ ಬಣ್ಣದ ಪಟ್ಟಿ, ಹಿಂದೆ ಎಂಟು ಗುಂಡಿ, ವೈರಿಗೆ ಹದವಾಗಿ ಒಂದೊಂದು ಕಾಜ. ಒಳಗೆ ಅಸ್ತರು ಬೇರೆ. ತೊಡಿಸಿದರೆ ಎಲ್ಲೂ ಒಂದು ನಿರಿಗೆ ಇಲ್ಲ.

"ಮದುಮಕ್ಕಳ ಹಾಗೆ ಕಾಣ್ತವೆ," ಎಂದ ಚಿಂಗ್‌ಹೋ. ಆಮೇಲೆ ಮೆಲ್ಲಗೆ, "ಒಂದು ಹಸಿರು ಪೊಟ್ಟಣ ಇಟ್ಟುಬಿಡೋಣ?"

ಗಿನ್‌ಚು ಇದನ್ನೇ ಕಾಯುತ್ತಿದ್ದಳು. ಆ ಸೀಮೆಯಲ್ಲಿ ಯಾವ ಯಂತ್ರದ ತಲೆಯ ಮೇಲೆ ನೋಡಿದರೂ ಕೊಬ್ಬರಿ ರುಚಿಯ ಕುರುಕಲು ತಿಂಡಿಯ ಹಸಿರು ಪೊಟ್ಟಣವೊಂದು ಕೂತಿರುತ್ತದೆ, ಯಂತ್ರ ಜಾಣಮರಿಯಾಗಿರಲಿ ಅಂತ; ಆ ತಿಂಡಿಯ ಹೆಸರಿನ ಅರ್ಥವೇ ಅದು. ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ತಿನ್ನಬಾರದು. ಬ್ಯಾಂಕಿನಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ.

"ನಾನು ಹಾಕಿದ ಬೆಸುಗೆ ಯಾವ ತಿಂಡೀನೂ ನೋಡ್ಕೊಂಡು ನಿಂತದ್ದಲ್ಲ," ಎಂದಳು ಗಿನ್‌ಚು. "ನಿಮಗೆ ಹಸಿವಾದ್ರೆ ತಿನ್ನಿ."

ಚಿಂಗ್‌ಹೋ ತಿನ್ನಲಿಲ್ಲ. ಪೊಟ್ಟಣ ತಂದು ದೇವರ ಮೇಜಿನ ಪಕ್ಕ, ಕೈಗೆ ಸಿಗುವಂತೆ ಇಟ್ಟುಕೊಂಡ.

ಹಬ್ಬದ ದಿನ ಓಣಿಗೆ ಅಡ್ಡಲಾಗಿ ಚಪ್ಪರ ಎದ್ದಿತು. ಅಡುಗೆಯವರ ಹಬೆಪಾತ್ರೆಗಳು ಒಂದರ ತಲೆಯ ಮೇಲೊಂದು ನಿಂತವು. ಒಂಬತ್ತನೇ ತಿಂಗಳಾದರೂ ಬಿಸಿಲು ತನ್ನ ಕೆಲಸ ಬಿಟ್ಟಿರಲಿಲ್ಲ. ಗಿನ್‌ಚುವಿನ ಧ್ವನಿವರ್ಧಕ ಮಹಾಪ್ರತಿಷ್ಠಾಪನೆ ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಎರಡು ಸ್ಟ್ಯಾಂಡು, ಅವುಗಳ ಮೇಲೆ ಎರಡೂ ಸ್ಪೀಕರು, ಕೂತವರ ತಲೆಗಿಂತ ಒಂದು ಗೇಣು ಮೇಲೆ. ಮೈಕಿಗಿಂತ ಎರಡು ಹೆಜ್ಜೆ ಮುಂದೆ, ಮುಖ ಜನರ ಕಡೆಗೆ. ನಡುವೆ ಮಿಕ್ಸರು (ಚಟ್ನಿಯದಲ್ಲ, ಗುಂಡಿಗಳದು).

ಸ್ವಿಚ್ಚು ಒತ್ತಿದೊಡನೆ ಎಡಗಡೆಯದು "ಹೂಂ..." ಎಂದು ಒಂದೇ ಸಮನೆ ಗೊಣಗಲು ಶುರುಮಾಡಿತು.

ಬುನ್‌ಥಿಂಗ್ ಬೇಗ ಬಂದು ಕೊನೆಯ ಮೇಜಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಅತ್ತಿಗೆ, ಅದೇನೋ ಒಪ್ಕೊಳ್ತಿದೆ! ಗಾಡಿ ಮೂಲೇಲೇ ನಿಲ್ಲಿಸಿದೀನಿ, ಸುಮ್ನೆ ಹೇಳಿದೆ."

ಗಿನ್‌ಚು ಅವನ ಕಡೆ ತಿರುಗಲೂ ಇಲ್ಲ. ಎಡಗಡೆಯದರ ವೈರು ಹಿಡಿದು ಹೋದಳು. ಅದು ಎದುರುಮನೆಯ ಸಾಕೆಟ್ಟಿನಲ್ಲಿತ್ತು. ಬಲಗಡೆಯದೂ ಮಿಕ್ಸರೂ ತಮ್ಮ ಮನೆಯದರಲ್ಲಿ. "ಎರಡು ಮನೆ ಅನ್ನ ಉಂಡ್ರೆ ಗೊಣಗದೆ ಇನ್ನೇನು ಮಾಡ್ತದೆ," ಎಂದು ಮೂರನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದಳು. ಗೊಣಗು ಅಳಿಸಿ ಹಾಕಿದಂತೆ ನಿಂತಿತು.

ಆಮೇಲೆ ಅತ್ತೆ ಮೈಕು ಹಿಡಿದು ನೋಡಲು ಬಂದು ನೇರ ಸ್ಪೀಕರಿನ ಬಾಯಿಗೇ ಹೋಗಿ ನಿಂತರು. ಕಿವಿ ಹರಿಯುವಂತೆ ಕೂಗಿತು. ಗಿನ್‌ಚು ಅತ್ತೆಯನ್ನು ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ತಂದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. "ಈ ಗೆರೆ ದಾಟ್ಬೇಡಿ ಅತ್ತೆ. ಅದರ ಮಾತು ಅದರ ಕಿವಿಗೇ ಬಿದ್ರೆ ಹುಚ್ಚು ಹಿಡೀತದೆ."

"ಮನುಷ್ಯರ ಹಾಗೇ," ಎಂದರು ಅತ್ತೆ.

ಎರಡು ಸಮಸ್ಯೆ, ಎರಡು ಪರಿಹಾರ, ಹತ್ತು ನಿಮಿಷ. ಗಿನ್‌ಚುವಿನ ಕತ್ತು ಎರಡು ಬೆರಳು ಉದ್ದವಾಯಿತು. ಕೊನೆಗೆ ಅಂಗಿ ತೊಡಿಸಿ, ಎಂಟೆಂಟು ಗುಂಡಿ ಹಾಕಿದಳು. ಅತ್ತೆಗೂ ಕೋಟು ತೊಡಿಸಿ ಕುತ್ತಿಗೆಯವರೆಗೆ ಗುಂಡಿ ಹಾಕಿದಳು. ಮೂರೂ ಒಂದೇ ಬಣ್ಣ. ಫೋಟೋ ತೆಗೆದವರೇ ತೆಗೆದವರು.

ಮಧ್ಯಾಹ್ನ ಹಂದಿಕಾಲಿನ ಶ್ಯಾವಿಗೆ ಮೇಜಿಗೆ ಬಂತು. ಚಿಂಗ್‌ಹೋನ ದೊಡ್ಡ ಸೋದರಮಾವ ಭಾಷಣಕ್ಕೆ ನಿಂತ. ಅವನು ಇನ್ನೂ ಅತ್ತೆಯ ಬಾಲ್ಯದಲ್ಲೇ ಇದ್ದ, ಅಷ್ಟರಲ್ಲಿ ಎಡಗಡೆಯ ಸ್ಪೀಕರು ಸುಮ್ಮನಾಯಿತು.

(ಇದನ್ನು ಕೆಲವರು ಸ್ಪೀಕರಿನ ಬುದ್ಧಿವಂತಿಕೆ ಎಂದರು.)

ಗಿನ್‌ಚು ಓಡಿದಳು. ಫ್ಯಾಕ್ಟರಿಯ ಮೊದಲನೇ ನಿಯಮ, ಮುಟ್ಟುವ ಮುಂಚೆ ಕರೆಂಟು ತೆಗೆ. ತೆಗೆದಳು. ಎಂಟು ಗುಂಡಿ ಬಿಚ್ಚಿ ಅಂಗಿ ಎತ್ತಿದಳು. ಹಾಡಿನ ವೈರು ಎಳೆದು ಬಲಗಡೆಯದಕ್ಕೆ ಹಾಕಿ ನೋಡಿದಳು, ಹಾಡಿತು. ಹಾಗಾದರೆ ವೈರು ಸರಿಯಿದೆ. ಕೊನೆಯಲ್ಲಿರುವ ಪಿನ್ನು ಸಡಿಲವೇನೋ ಎಂದು ಉಗುರಿನಿಂದ ಒತ್ತಿದಳು. ಅವಳು ವೈರಿನ ಮೇಲೆ ಬಗ್ಗಿದ್ದಾಗಲೇ ಚಿಂಗ್‌ಹೋ ಕಳ್ಳಹೆಜ್ಜೆಯಲ್ಲಿ ಬಂದು ಸ್ಪೀಕರಿನ ತಲೆಯ ಮೇಲೆ ಹಸಿರು ಪೊಟ್ಟಣ ಇಟ್ಟ. ಕರೆಂಟು ಕೊಟ್ಟರು. ಹಾಡಿತು!

"ಪಿನ್ನು," ಎಂದಳು ಗಿನ್‌ಚು.

"ಪೊಟ್ಟಣ," ಎಂದ ಚಿಂಗ್‌ಹೋ.

"ತೆಗೀರಿ ಅದನ್ನ! ನನ್ನ ಮಾನ ತೆಗೀಬೇಕಂತಲೇ ಇಟ್ಟಿದೀರಾ?"

ತೆಗೆದ. ಅಂಗಿ ತೊಡಿಸಿದಳು. ಎಂಟು ಗುಂಡಿ. ಕೆಂಪಕ್ಕಿಯಂಥ ಪುಟ್ಟ ಸೀಗಡಿಯ ಅನ್ನ ಬಡಿಸಿ ಮುಗಿಯುವಷ್ಟರಲ್ಲಿ ಎಡಗಡೆಯದು ಮತ್ತೆ ಸುಮ್ಮನೆ.

ಈಗ ಹನ್ನೆರಡು ಮೇಜಿಗೂ ವಿಷಯ ಗೊತ್ತಾಗಿತ್ತು. "ಪೊಟ್ಟಣ ತೆಗೆದ್ಳಂತೆ!" ಎಂದು ಒಬ್ಬಳು. "ಬಾಯಲ್ಲಿ ಬೈದ್ಳಂತೆ ಬೇರೆ!" ಎಂದು ಇನ್ನೊಬ್ಬಳು. ಗಿನ್‌ಚು ಮತ್ತೆ ಕರೆಂಟು ತೆಗೆದು, ಗುಂಡಿ ಬಿಚ್ಚಿ, ಅಂಗಿ ಎತ್ತಿ, ಕರೆಂಟಿನ ವೈರು ಬದಲಿಸಿದಳು. ಚಿಂಗ್‌ಹೋ ಜನರ ಒತ್ತಾಯದ ಮೇರೆಗೆ ಎರಡೂ ಕೈಯಲ್ಲಿ ಪೊಟ್ಟಣ ಹಿಡಿದು, ಪಟ್ಟಾಭಿಷೇಕ ಮಾಡುವವನ ಗತ್ತಿನಲ್ಲಿ ಇಟ್ಟ. ಕರೆಂಟು ಬಂತು. ಹಾಡಿತು. ಚಪ್ಪರವೆಲ್ಲ ಚಪ್ಪಾಳೆ.

"ಅತ್ತಿಗೆ," ಎಂದು ಬುನ್‌ಥಿಂಗ್ ಕೊನೆಯ ಮೇಜಿನಿಂದ ಕೂಗಿದ, "ಇಪ್ಪತ್ತೆರಡು ವರ್ಷ ಫ್ಯಾಕ್ಟರೀಲಿ ಬೆಸುಗೆ ಬದಲು ತಿಂಡಿ ಹಾಕಿದ್ರೆ ಆಗ್ತಿತ್ತು!"

ಗಿನ್‌ಚುಗೆ ಮೈ ಉರಿಯಿತು. ವೈರೇ ಕಾರಣ, ಬೇರೇನೂ ಅಲ್ಲ. ಆದರೆ ಯಾರ ಹತ್ತಿರ ವಾದಿಸುವುದು? ಪೊಟ್ಟಣ ಅಲ್ಲೇ ಇರಲಿ, ಹಾಡು ಮುಗಿಯಲಿ ಎಂದು ಹಲ್ಲು ಕಚ್ಚಿ ಪೊಟ್ಟಣದ ಮೇಲೇ ಅಂಗಿ ಎಳೆದಳು. ಈ ಸಲ ಗುಂಡಿಗಳನ್ನು ಎರಡೆರಡು ಸಲ ಎಳೆದು ನೋಡಿದಳು, ಒಂದೂ ಬಿಚ್ಚಿಕೊಳ್ಳಬಾರದು.

ಪೀಚ್ ಹಣ್ಣಿನಾಕಾರದ ಗುಲಾಬಿ ಬಣ್ಣದ ಬನ್ನುಗಳು ಬಂದವು. ಅತ್ತೆ ಎದ್ದರು. ಸೀಮೆಸುಣ್ಣದ ಗೆರೆಯ ಹಿಂದೆ, ಎರಡೂ ಕಾಲು ಜೋಡಿಸಿ ನಿಂತರು. ಅಡುಗೆಯವರೂ ಸೌಟು ಕೆಳಗಿಟ್ಟರು. ದನಿ ನಡುಗುತ್ತಿತ್ತು, ಆದರೆ ಮಾತು ಮಾತು ಬಿಡಿಸಿ ಇಟ್ಟಂತೆ ಕೇಳುತ್ತಿತ್ತು. ಒಂದು ಸಾಲು. ಎರಡು ಸಾಲು. ಗಿನ್‌ಚು ಮಿಕ್ಸರಿನ ಮುಂದೆ ಗುಂಡಿಯ ಮೇಲೆ ಬೆರಳಿಟ್ಟಿದ್ದಳು.

ಮೂರನೇ ಸಾಲಿಗೆ ಎಡಗಡೆಯದು ಹೋಯಿತು. ನಾಲ್ಕನೆಯದಕ್ಕೆ ಬಲಗಡೆಯದೂ. ದೋಣಿ ದಡ ಕಾಣುವ ಮುಂಚೆಯೇ ಮುಳುಗಿತು.

ಅತ್ತೆಯ ತುಟಿ ಇನ್ನೂ ಅಲ್ಲಾಡುತ್ತಿತ್ತು. ಎರಡನೇ ಮೇಜಿನಿಂದಾಚೆ ಯಾರಿಗೂ ಏನೂ ಕೇಳಲಿಲ್ಲ. ಬುನ್‌ಥಿಂಗ್ ಪ್ಯಾಂಟು ಒದರಿಕೊಂಡು ಎದ್ದ, ಜೇಬಿನಲ್ಲಿ ಗಾಡಿಯ ಬೀಗದ ಕೈ ಹುಡುಕುತ್ತ. ಗಿನ್‌ಚುಗೆ ವೈರು, ಪಿನ್ನು, ಬೆಸುಗೆ ಯಾವುದೂ ತೋಚಲಿಲ್ಲ. ಅತ್ತೆಯ ಮುಖ ನೋಡುವ ಧೈರ್ಯವೂ ಬರಲಿಲ್ಲ.

"ಇನ್ನೊಂದು ಪೊಟ್ಟಣ ತರ್ಲಾ?" ಎಂದ ಚಿಂಗ್‌ಹೋ ಮೆಲ್ಲಗೆ.

ಅತ್ತೆ ಮೈಕು ಕೆಳಗಿಟ್ಟರು. ಬೆವರು ಒರೆಸಿಕೊಂಡರು. "ನನಗಂತೂ ಆಗಲ್ಲ ಮಾರಾಯ್ತಿ," ಎಂದು ಮಖಮಲ್ಲಿನ ಕೋಟಿನ ಗುಂಡಿ ಒಂದೊಂದೇ ಬಿಚ್ಚತೊಡಗಿದರು. "ಬೆಳಿಗ್ಗೆಯಿಂದ ಬೇಯ್ತಿದೀನಿ. ನೀನು ಕಷ್ಟಪಟ್ಟು ಹೊಲಿದೀಯ ಅಂತ ಬಾಯಿ ಮುಚ್ಕೊಂಡಿದ್ದೆ." ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿದರು. ಆಮೇಲೆ ಸ್ಪೀಕರಿನ ಕಡೆ ನೋಡಿದರು. ಅದೇ ಕೆಂಪು, ಅದೇ ಪಟ್ಟಿ, ಅದೇ ಗುಂಡಿ. ಹತ್ತಿರ ಹೋಗಿ, ಮಗುವಿನ ಬೆನ್ನು ಮುಟ್ಟುವ ಹಾಗೆ, ಅಂಗಿಯ ಕೆಳಗಿನಿಂದ ಕೈ ತೂರಿಸಿದರು. ಫಕ್ಕನೆ ಎಳೆದುಕೊಂಡರು.

"ಅಯ್ಯೋ! ಇದಕ್ಕೆ ಜ್ವರ ಬಂದಿದೆ, ಗಿನ್‌ಚು. ಅಂಗಿ ತೆಗಿ!"

ಗಿನ್‌ಚು ತೆಗೆದಳು. ಕರೆಂಟು ತೆಗೆಯುವ ಮೊದಲನೇ ನಿಯಮವನ್ನು ಮೊದಲ ಬಾರಿಗೆ ಮರೆತಳು, ಅದರಿಂದಲೇ ಕಂಡಿತು: ಬೆನ್ನಿನಲ್ಲಿ ಪುಟ್ಟ ಕೆಂಪು ದೀಪ. ಅದರ ಪಕ್ಕ ಬಾಚಣಿಗೆಯ ಹಲ್ಲಿನಂಥ ಅಲ್ಯೂಮಿನಿಯಂ ಪಟ್ಟಿಗಳು, ಮುಟ್ಟಿದರೆ ಚುರ್ ಅನ್ನುವಷ್ಟು ಬಿಸಿ. ಹೊಟ್ಟೆಯೊಳಗಿನ ಆಂಪ್ಲಿಫಯರು ಉಸಿರಾಡುವ ಜಾಗ ಅದು; ಉಸಿರು ಕಟ್ಟಿ ಕಾದರೆ ಸ್ಪೀಕರು ತಾನೇ ಬಾಯಿ ಮುಚ್ಚುತ್ತದೆ. ಫ್ಯಾಕ್ಟರಿಯಲ್ಲಿ ಅವಳು ಬೆಸುಗೆ ಹಾಕಿದ ಯಾವ ಸ್ಪೀಕರಿಗೂ ಅಂಥ ಬೆನ್ನು ಇರಲಿಲ್ಲ. ಪ್ರತಿ ಸಲ ರಿಪೇರಿಗೆಂದು ಅಂಗಿ ಬಿಚ್ಚಿದಾಗ ಬದುಕಿಕೊಂಡದ್ದನ್ನು, ರಿಪೇರಿ ಮುಗಿಯಿತೆಂದು ಗುಂಡಿ ಹಾಕಿ ಮತ್ತೆ ಮತ್ತೆ ಮಲಗಿಸಿದವಳು ಅವಳೇ.

"ಹಾಗಾದ್ರೆ ಪೊಟ್ಟಣ?" ಎಂದ ಚಿಂಗ್‌ಹೋ. ಅವನ ದನಿಯಲ್ಲಿ ಇನ್ನೂ ಆಸೆಯಿತ್ತು.

"ಅದನ್ನ ನಾನು ಬೆಳಿಗ್ಗೆನೇ ತಿಂದೆ," ಎಂದರು ಅತ್ತೆ. "ಊಟಕ್ಕೆ ಮುಂಚೆ ಹಸಿವಾಯ್ತು. ಒಳಗೆ ಕಾಗದದ ಕರವಸ್ತ್ರ ತುರುಕಿ ಟೇಪು ಹಚ್ಚಿಟ್ಟೆ. ಇನ್ನೊಂದು ಸಲ ಉಪ್ಪು ಕಡಿಮೆ ಇರೋದು ತಾ."

ಹತ್ತು ನಿಮಿಷ ಎಲ್ಲರೂ ಬೀಸಣಿಗೆ ತೆಗೆದುಕೊಂಡು ಸ್ಪೀಕರುಗಳಿಗೆ ಗಾಳಿ ಹಾಕಿದರು. ಬುನ್‌ಥಿಂಗ್ ಕೂಡ, ನಗು ತಡೆದುಕೊಂಡು. ಕೆಂಪು ದೀಪ ಆರಿ ಹಸಿರಾಯಿತು. ಅತ್ತೆ ಗೆರೆಯ ಹಿಂದೆ ಬಂದು ನಿಂತರು, ಬರೀ ತೆಳು ಹತ್ತಿಯ ಉಡುಪಿನಲ್ಲಿ, ಹಗುರಾಗಿ. ಮೊದಲಿನಿಂದ ಹಾಡಿದರು. ಗೊಣಗು ಇಲ್ಲ, ಕೂಗು ಇಲ್ಲ, ಧಡಧಡ ಇಲ್ಲ. ದೋಣಿ ಕತ್ತಲು ದಾಟಿತು, ದೀಪ ಕಂಡಿತು, ದಡ ಮುಟ್ಟಿತು. ಚಿಂಗ್‌ಹೋ ಬನ್ನು ಕಚ್ಚಿದವನು ಅಗಿಯುವುದನ್ನು ಮರೆತಿದ್ದ. ಬುನ್‌ಥಿಂಗ್ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಕಣ್ಣು ಒರೆಸಿಕೊಂಡ.

ಚಪ್ಪಾಳೆ ನಿಂತ ಮೇಲೂ ಅತ್ತೆ ಮೈಕು ಬಿಡಲಿಲ್ಲ. ರುಚಿ ಹತ್ತಿತ್ತು.

"ಎಲ್ಲರೂ ಕೇಳಿ. ಇದನ್ನ ಇಟ್ಟೋಳು ನನ್ನ ಸೊಸೆ. ಬಾಡಿಗೆಯೋರಲ್ಲ. ಇವಳು ಹಾಕಿದ ಬೆಸುಗೆ ಬಿಡಲ್ಲ, ಇವಳು ಹೊಲಿದ ಹೊಲಿಗೇಲಿ ಗಾಳೀನೂ ನುಗ್ಗಲ್ಲ. ಇವತ್ತು ನನ್ನನ್ನೂ ಬೇಯಿಸಿದ್ಲು, ಈ ಎರಡು ಪೆಟ್ಟಿಗೇನೂ ಬೇಯಿಸಿದ್ಲು, ಮೂರು ಜನಾನೂ ಬದುಕಿದೀವಿ!"

ಚಪ್ಪರ ನಗುವಿನಿಂದ ಅಲ್ಲಾಡಿತು.

"ಕೊನೇ ಮೇಜಿನೋರೇ," ಎಂದು ಅತ್ತೆ ಕತ್ತು ಚಾಚಿ ಕೇಳಿದರು, "ಕೇಳಿಸ್ತಾ?"

"ಒಂದೊಂದು ಮಾತೂ ಕೇಳಿಸ್ತು ದೊಡ್ಡಮ್ಮ!" ಎಂದು ಬುನ್‌ಥಿಂಗ್ ಎದ್ದು ನಿಂತು ಕೂಗಿದ. ಓಣಿಯ ಆಚೆ, ಮೀನುಪೇಟೆಯ ಕಡೆಯಿಂದಲೂ ಯಾರೋ ನಕ್ಕದ್ದು ಕೇಳಿತು.

ಗಿನ್‌ಚುವಿನ ಕಿವಿ ಸ್ಪೀಕರಿನ ಬೆನ್ನಿನಷ್ಟೇ ಬಿಸಿಯಾಗಿತ್ತು. ಅತ್ತೆ ಈಗ ಪೊಟ್ಟಣದ ಕಥೆಗೆ ಕೈ ಹಾಕುತ್ತಿದ್ದರು. ಮೈಕಿನ ದನಿ ಏರಿಳಿಸುವ ಗುಂಡಿ ಅವಳ ಬೆರಳಿನ ಕೆಳಗೇ ಇತ್ತು. ಎರಡು ಗೆರೆ ಕೆಳಗಿಳಿಸಿದ್ದರೆ ಸಾಕಿತ್ತು, ಮೂರನೇ ಮೇಜಿನಿಂದಾಚೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಅವಳು ಕೊನೆಯ ಮೇಜಿನ ಕಡೆ ಒಮ್ಮೆ ನೋಡಿದಳು. ಗುಂಡಿಯನ್ನು ಒಂದು ಗೆರೆ ಮೇಲೇರಿಸಿದಳು.