ಸೆರಾಫಿನುವಿನ ಹೆಸರಿನ ಹದಿನೆಂಟು ಚೂರಿಗಳು

ಬೆಳಗಿನ ಆರಕ್ಕೆ ಸೆರಾಫಿನು ಅಡುಗೆಮನೆಯ ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ, ತನ್ನ ಹನ್ನೊಂದು ಮಡಚುಚೂರಿಗಳನ್ನು ಒಂದೊಂದಾಗಿ ಬಿಡಿಸಿ, ಆಲಿವ್ ಎಣ್ಣೆ ಸವರಿ, ಒರೆಸಿ ಮಡಚಿಡುತ್ತಿದ್ದ. ಮನೆಯಲ್ಲಿ ಸದ್ದೇ ಇರಲಿಲ್ಲ. ಕೋಳಿಯೂ ಕೂಗಿರಲಿಲ್ಲ ಎಂಬುದು ಕೊನೆಯ ಚೂರಿ ಮಡಚುವಾಗ ಹೊಳೆಯಿತು. ಹಿತ್ತಿಲಿಗೆ ಹೋಗಿ ನೋಡಿದರೆ ಗೂಡಿನ ಬಾಗಿಲು ತೆರೆದಿತ್ತು. ಒಳಗೆ ಪುಕ್ಕ ಮಾತ್ರ.

ಎದುರುಮನೆ ಕಿಟಕಿಯಲ್ಲಿ ಮಿಂಕಾ ಮೇಜುಬಟ್ಟೆ ಕೊಡವುತ್ತಿದ್ದವಳು ಇವನನ್ನು ಕಂಡು ಬಟ್ಟೆಯನ್ನು ಕೈಬಿಟ್ಟಳು.

"ಮಿಂಕಕ್ಕ, ನನ್ನ ಕೋಳಿಗಳೆಲ್ಲಿ?"

ಅವಳು ಶಿಲುಬೆ ಗುರುತು ಹಾಕಿಕೊಂಡು ಕಿಟಕಿಯ ಒಂದು ಕದ ಮುಚ್ಚಿದಳು. "ನಿನ್ನ ತಿಥಿ ಊಟಕ್ಕೇ ಹಾಕಿದ್ವಲ್ಲಪ್ಪ. ಸಾರು ಚೆನ್ನಾಗಿತ್ತು ಅಂತ ಪಾದ್ರಿಗಳೂ ಅಂದ್ರು. ಇನ್ನೇನು ಆಸೆ ಇಟ್ಕೋಬೇಡ, ನಿನ್ನ ಜಾಗಕ್ಕೆ ಹೋಗು ಮಗ." ಎರಡನೇ ಕದವೂ ಮುಚ್ಚಿತು.

ಪಿತ್ತಕೋಶದ ಕಲ್ಲು ತೆಗೆಸಿಕೊಂಡು, ಸಸ್ಸರಿ ಪಟ್ಟಣದ ತಂಗಿಯ ಮನೆಯಲ್ಲಿ ಮೂರು ವಾರ ಮಲಗಿದ್ದು ನಿನ್ನೆಯ ಕೊನೇ ಬಸ್ಸಿಗೆ ಬಂದಿಳಿದವನು ಅವನು. ಅಷ್ಟರಲ್ಲಿ ಮಿಂಕಾಗೆ ತಲೆ ಕೆಟ್ಟಿದೆ ಎಂದುಕೊಂಡು ಕೋವಿ ಹೆಗಲಿಗೇರಿಸಿದ. ಅಂದು ಭಾನುವಾರ, ವರ್ಷದ ಕೊನೆಯ ದಿನ, ವರ್ಷದ ಕೊನೆಯ ಹಂದಿಬೇಟೆ.

ಅವರ ಬೇಟೆ ಕೂಟದಲ್ಲೊಂದು ಪದ್ಧತಿ ಇತ್ತು. ಸದಸ್ಯನೊಬ್ಬ ಸತ್ತರೆ ಕಮ್ಮಾರ ಬಲ್ಲೋರೆ ಅಜ್ಜ, ಉಳಿದವರು ಎಷ್ಟು ಮಂದಿಯೋ ಅಷ್ಟೇ ಮಡಚುಚೂರಿ ಮಾಡುತ್ತಿದ್ದ. ಟಗರಿನ ಕೊಂಬಿನ ಹಿಡಿ, ಉದ್ದನೆಯ ಎಲೆಯಂಥ ಅಲಗು, ಅಲಗಿನ ಮೇಲೆ ಸತ್ತವನ ಹೆಸರು, ಹುಟ್ಟಿದ ವರ್ಷ, ಹೋದ ವರ್ಷ. ಆಮೇಲೆ ಅಂಥದ್ದು ಇನ್ನೊಂದು ಹುಟ್ಟುತ್ತಿರಲಿಲ್ಲ. ಉಳಿದವರು ಅದರಲ್ಲಿ ಚೀಸ್ ಕೊಯ್ದು, ಬಣ್ಣದ ಡಬ್ಬಿ ತೆರೆದು, ಕೊನೆಗೆ ಯಾವುದೋ ಪೊದೆಯಲ್ಲಿ ಕಳೆದುಕೊಳ್ಳುತ್ತಿದ್ದರು. ಸೆರಾಫಿನು ಈರುಳ್ಳಿಯನ್ನೂ ಕೊಯ್ದವನಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಹಂದಿಯನ್ನೂ ಹೊಡೆಯದೆ ಅವನು ಕೂಟದಲ್ಲಿದ್ದದ್ದೇ ಚೂರಿಗಾಗಿ. ಊರಲ್ಲಿ ಯಾರಾದರೂ ಕೆಮ್ಮಿದರೆ ಅವನ ಕಿವಿ ನೆಟ್ಟಗಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಕುರಿದೊಡ್ಡಿಯ ಪಕ್ಕದ ಗುಡಿಸಲಿನಲ್ಲಿ ಹದಿನೆಂಟು ಜನ ಬೆಂಕಿಯ ಸುತ್ತ ಕೂತು ಸಾಸೇಜು ಕೊಯ್ದು ತಿನ್ನುತ್ತಿದ್ದರು. ಬಾಗಿಲಲ್ಲಿ ಸೆರಾಫಿನು ನಿಂತದ್ದೇ ಹದಿನೆಂಟು ಚೂರಿಗಳು ಒಟ್ಟಿಗೆ ಮಡಚಿಕೊಂಡವು, ಮಿಡತೆಗಳು ಒಮ್ಮೆಗೇ ಎದ್ದ ಹಾಗೆ. ಆದರೂ ಅವನ ಕಣ್ಣಿಗೆ ಬೀಳಬೇಕಾದದ್ದು ಬಿದ್ದಿತ್ತು.

"ಹೊಸ ಚೂರಿ. ಯಾರು ಹೋದ್ರು?" ಸಂಕಟದ ಸ್ವರ ತರಲು ನೋಡಿದ. ಬಂದದ್ದು ಖುಷಿಯ ಸ್ವರ. ಎಲ್ಲರ ಮುಖವನ್ನೂ ಎಣಿಸಿದ. ಒಬ್ಬನೂ ಕಡಿಮೆ ಇರಲಿಲ್ಲ.

ಬಾಗಿಲ ಬಳಿ ಕೂತಿದ್ದ ಪ್ರೆಡುವಿನ ಕೈಯಿಂದ ಚೂರಿ ಕಿತ್ತುಕೊಂಡು ಬಿಡಿಸಿದ. ಸೆರಾಫಿನು ದೆರೋಮಾ, 1964–2023.

"ಇದು ನಾನು," ಎಂದ.

"ಹೌದು," ಎಂದ ಕೂಟದ ಮುಖಂಡ ಬೈಂಜು. "ನೀನು ಒಳಗೆ ಬರೋವರೆಗೂ."

ಆದದ್ದಿಷ್ಟು. ಬೇಟೆಗೆ ಬರದವನ ಹೆಸರಿನ ಮೇಲೆ ಬೈಂಜು ಗೋಡೆಯ ಪಟ್ಟಿಯಲ್ಲಿ ಒಂದು ಗೆರೆ ಎಳೆದಿದ್ದ. ಬಲ್ಲೋರೆ ಅಜ್ಜ ಗೆರೆ ನೋಡಿದ. ಸತ್ತವನ ಬಗ್ಗೆ ಚೂರಿ ಆಗುವ ಮೊದಲು ಯಾರನ್ನೂ ಕೇಳಬಾರದೆಂಬುದು ಪದ್ಧತಿ, ಅವನು ಕೇಳಲಿಲ್ಲ. ಅಜ್ಜನ ಅಲಗು ಅರವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪು ಹೇಳಿದ್ದಿಲ್ಲ, ಹಾಗಾಗಿ ಚೂರಿ ಕೈಗೆ ಬಂದಾಗ ಉಳಿದವರೂ ಕೇಳಲಿಲ್ಲ. ಸಸ್ಸರಿಯಲ್ಲೇ ಮಣ್ಣು ಮಾಡಿರಬೇಕು ಎಂದುಕೊಂಡು ಕೋಳಿ ಕೊಯ್ದರು.

"ನಿನ್ನ ಬೂಟು ನನಗೆ ಹೇಳಿ ಮಾಡಿಸಿದ ಹಾಗಿದೆ ಕಣೋ," ಎಂದ ಪ್ರೆಡು, ಕಾಲು ಒಳಗೆ ಎಳೆದುಕೊಳ್ಳುತ್ತ.

ಸೆರಾಫಿನುವಿಗೆ ಬೂಟು ಬೇಕಿರಲಿಲ್ಲ. ಅವನು ಚೂರಿಯನ್ನು ಬೆಂಕಿಯ ಬೆಳಕಿಗೆ ಹಿಡಿದಿದ್ದ. ಹಿಡಿಯ ಕೊಂಬು ಜೇನಿನಂತೆ ಬೆಳಕು ಕುಡಿಯುತ್ತಿತ್ತು. ಹನ್ನೊಂದರಲ್ಲಿ ಒಂದೂ ಇದರ ಹತ್ತಿರ ಬರುವಂತಿರಲಿಲ್ಲ.

"ನನಗೊಂದು ಕೊಡಿ," ಎಂದ.

"ಹೇಗೆ ಕೊಡೋದು ಮಾರಾಯ? ನಿನ್ನ ನೆನಪಿಗೆ ಅಂತ ಇಟ್ಕೊಂಡಿರೋದು," ಎಂದು ಪ್ರೆಡು ಚೂರಿಯನ್ನು ಮೆಲ್ಲಗೆ ಬಿಡಿಸಿಕೊಂಡ.

"ನಾನೇ ಇಲ್ಲಿದೀನಲ್ಲ."

"ಅದೇ ತೊಂದರೆ."

ಇನ್ನೊಬ್ಬನನ್ನು ಕೇಳಿದ. ಅವನು ಕಣ್ಣೊರೆಸಿಕೊಂಡ. "ನೀನು ಹೋದ ಮೇಲೆ ನಿನ್ನ ಬೆಲೆ ಗೊತ್ತಾಯ್ತು ಸೆರಾಫಿನು. ಇದನ್ನ ಮಾತ್ರ ಕೇಳಬೇಡ." ಮೂರನೆಯವನು ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದ.

ಅಷ್ಟರಲ್ಲಿ ಬೆಂಕಿಯ ಆಚೆ ಕೂತಿದ್ದ ಬಲ್ಲೋರೆ ಅಜ್ಜ ಕೈಚಾಚಿದ. "ಎಲ್ಲಾ ತನ್ನಿ ಇಲ್ಲಿ. ಸುಳ್ಳು ಹೇಳೋ ಅಲಗು ನನ್ನ ಗುರುತಿಟ್ಕೊಂಡು ಓಡಾಡಬಾರದು. ಒಡೆದು ಹಾಕ್ತೀನಿ. ಇನ್ನು ನನ್ನ ಕಣ್ಣೂ ಮಂಜು, ಮತ್ತೆ ಮಾಡೋಕಾಗಲ್ಲ."

ಯಾರೂ ಏಳಲಿಲ್ಲ. ಎದ್ದವನು ಸೆರಾಫಿನು ಒಬ್ಬನೇ. ಅಜ್ಜನ ಮುಂದೆ ಮಂಡಿಯೂರಿದ.

"ಒಡೀಬೇಡ ಅಜ್ಜ. ನಿನ್ನ ಕೈಯಿಂದ ಇಂಥದ್ದು ಇದುವರೆಗೂ ಬಂದಿಲ್ಲ, ಆಣೆ. ಒಡೆದ್ರೆ ಪಾಪ ಬರುತ್ತೆ."

"ಸುಳ್ಳಲ್ವೇನೋ ಅದು?"

"ಎಲ್ಲಿ ಸುಳ್ಳು? ಇಸವಿ ಮಾತ್ರ ತಾನೆ ಬರೆದಿರೋದು. ಇಸವಿ ಇನ್ನೂ ಮುಗಿದಿಲ್ಲ. ಇವತ್ತು ರಾತ್ರಿ ಹನ್ನೆರಡರ ತನಕ ಇದನ್ನ ಸುಳ್ಳು ಅನ್ನೋ ಹಾಗಿಲ್ಲ."

ಮಾತು ಮುಗಿಸಿದ ಮೇಲೆ ತಾನು ಏನಂದೆ ಎಂಬುದು ಅವನಿಗೇ ಕೇಳಿಸಿತು. ಬೆಂಕಿಯಲ್ಲಿ ಕಟ್ಟಿಗೆಯೊಂದು ಚಿಟ್ಟೆಂದಿತು. ಹದಿನೆಂಟು ಜನ ಅವನನ್ನೇ ನೋಡುತ್ತಿದ್ದರು, ಅವನು ಚೂರಿಗಳನ್ನು ನೋಡುವ ಹಾಗೆ.

"ಅವನು ಹೇಳೋದು ನ್ಯಾಯ," ಎಂದ ಅಜ್ಜ, ಚಾಚಿದ್ದ ಕೈ ಹಿಂದೆಗೆದುಕೊಂಡು.

ಆಮೇಲೆ ಅವರೆಲ್ಲ ಎಷ್ಟು ಒಳ್ಳೆಯವರಾದರೆಂದರೆ ಸೆರಾಫಿನುವಿಗೆ ಮುಜುಗರವೇ ಆಯಿತು. ಒಬ್ಬ ವೈನ್ ಬಗ್ಗಿಸಿದ. ಒಬ್ಬ ಸಾಸೇಜಿನ ದಪ್ಪ ತುದಿ ಕೊಟ್ಟ. ಬೈಂಜು ತನ್ನ ಚೂರಿಯನ್ನು ತೆಗೆದು ಇವನ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ಇಟ್ಕೋ. ಇವತ್ತಿಗೆ."

ಚೂರಿ ಬೆಚ್ಚಗಿತ್ತು. "ಇದೂ ಸೇರಿ ಹನ್ನೆರಡಾಯ್ತು," ಎಂದು ಸೆರಾಫಿನು ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಯಾರು ಎಲ್ಲಿ ಕಾವಲು ನಿಲ್ಲಬೇಕೆಂದು ಚೀಟಿ ಎತ್ತುವುದು ವಾಡಿಕೆ. ಅಂದು ಎತ್ತಲಿಲ್ಲ. ಇಪ್ಪತ್ತು ವರ್ಷ ಡಾಂಬರು ರಸ್ತೆಯ ಪಕ್ಕ, ಬಸ್ ನಿಲ್ದಾಣದ ಹತ್ತಿರ ನಿಂತವನಿಗೆ ಬೈಂಜು ಕಣಿವೆಯ ನಟ್ಟನಡುವಿನ ಬಯಲು ಕೊಟ್ಟ. ಹಂದಿಗಳೆಲ್ಲ ಇಳಿದು ಬರುವ ಜಾಗ, ಕೂಟದಲ್ಲೇ ಮೊದಲ ಜಾಗ.

"ಅಲ್ಲಿ ನಿಂತವರಿಗೆ ಸುತ್ತಲಿಂದ ಗುಂಡು ಬೀಳಲ್ವಾ?" ಎಂದು ಕೇಳಿದ.

"ನಾವು ನೋಡ್ಕೋತೀವಿ. ನಾಯಿ ಬಿಟ್ಟ ಮೇಲೆ ಹಂದಿ ಬರುತ್ತೆ, ನೀನು ಅಲುಗಾಡದೆ ನಿಂತ್ಕೋ, ಅಷ್ಟೇ."

ಅವರೆಲ್ಲ ಗುಡ್ಡದ ಎರಡೂ ಮಗ್ಗುಲಿನ ಕಾರ್ಕ್ ಮರಗಳೊಳಗೆ ಸೇರಿಹೋದರು. ಮಂಜು ಹಸುವಿನ ನಾಲಿಗೆಯಂತೆ ಬಯಲನ್ನು ನೆಕ್ಕುತ್ತಿತ್ತು. ಸೆರಾಫಿನು ಜೇಬಿನಲ್ಲಿ ಚೂರಿಯನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಒಂದು ನಾಯಿ ಬೊಗಳಿದ್ದೂ ಕೇಳಲಿಲ್ಲ. ಮಂಜು ಸ್ವಲ್ಪ ಸರಿದಾಗ ದೊಡ್ಡಿಯ ಬಳಿ ಕೂಟದ ನಾಯಿಗಳ ವ್ಯಾನ್ ಕಂಡಿತು. ಅದರ ಹಿಂಬಾಗಿಲ ಜಾಲರಿಯೊಳಗೆ ಆರೂ ನಾಯಿಗಳು ಒಂದರ ಮೇಲೊಂದು ಮಲಗಿ ನಿದ್ದೆ ಮಾಡುತ್ತಿದ್ದವು.

ಎಡಗಡೆ ಪೊದೆಯಲ್ಲಿ ಕೋವಿಯ ಕುದುರೆ ಹಿಂದಕ್ಕೆಳೆದು ಸಜ್ಜು ಮಾಡಿದ ಸದ್ದಾಯಿತು. ಬಲಗಡೆ ಇನ್ನೊಂದು. ಹಿಂದೆಯೂ ಒಂದು.

ಸೆರಾಫಿನು ಬೈಂಜು ಕೊಟ್ಟಿದ್ದ ವಾಕಿಟಾಕಿಯನ್ನು ಬಾಯಿಗೆ ಹಿಡಿದು, ಆದಷ್ಟು ಸಹಜವಾಗಿ ಕೇಳಿದ:

"ಬೈಂಜು, ನಾಯಿಗಳನ್ನ ಬಿಡ್ರಪ್ಪ."