ಕುಪ್ಪಸ ತೊಟ್ಟ ಸೈಕಲ್ಲು

ಸೈಕಲ್ಲಿಗೆ ಅಳತೆ ತೆಗೆದು ಕುಪ್ಪಸ ಹೊಲಿದವರು ಇಡೀ ರೋಣ ತಾಲೂಕಿನಲ್ಲಿ ನಮ್ಮ ಅತ್ತೆ ಒಬ್ಬಳೇ! ನಂಬುವುದಿಲ್ಲವೇ? ಬೇಡ ಬಿಡಿ. ಆ ಕುಪ್ಪಸದ ಗುಂಡಿ ಹಾಕುತ್ತಿದ್ದವನು ನಾನು.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ರೋಣದಲ್ಲಿ ಹೊಲಿಗೆ ಅಂಗಡಿ. ಒಬ್ಬಳೇ ಮಗಳು ಅನಿತಾ, ಸೈಕಲ್ ರೇಸಿನ ಹುಡುಗಿ. ಮಗಳನ್ನು ರೇಸುಗಳಿಗೆ ಕರೆದೊಯ್ಯಲೆಂದೇ ಅತ್ತೆ ಐವತ್ತರ ಹತ್ತಿರ ಕಾರು ಕಲಿತವಳು. ರಾಜ್ಯಮಟ್ಟದಲ್ಲಿ ಗೆದ್ದ ಮೇಲೆ ಅನಿತಾಗೆ ಕಾರ್ಬನ್ ಫ್ರೇಮಿನ ಸೈಕಲ್ಲು ಸಿಕ್ಕಿತು. ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ. ಕೊಡುವಾಗ ತರಬೇತುದಾರರು ಅತ್ತೆಗೆ ಒಂದು ಮಾತು ಹೇಳಿದರು: "ಅಕ್ಕಾರ, ಇದು ಕಬ್ಬಿಣ ಅಲ್ರಿ. ಭಾಳ ಬಿಗದ್ರ ಒಳಗ ಸೀಳತೈತಿ, ಹೊರಗ ಕಾಣಂಗಿಲ್ಲ."

ಹೇಳಬಾರದಿತ್ತು!

ಸೈಕಲ್ಲು ಹೊರಲು ಕಾರಿನ ಮೇಲೆ ಸ್ಟ್ಯಾಂಡ್ ಕೂಡಿಸಲು ನರಗುಂದಕ್ಕೆ ಹೋದೆವು. ಅಲ್ಲಿನ ಮೇಸ್ತ್ರಿ ಸೈಕಲ್ಲಿನ ಮೇಲಿನ ಕೊಳವೆಗೇ ಕಬ್ಬಿಣದ ಕ್ಲ್ಯಾಂಪು ಹಾಕಿ ಬಿಗಿಯತೊಡಗಿದ. ಅತ್ತೆ ಚೀರಿದಳು.

"ಏ ತಮ್ಮಾ, ಬಿಡು! ಕುತ್ತಿಗಿ ಹಿಚುಕಾಕತ್ತೀಯಲ್ಲ!"

"ಸೈಕಲ್ ಐತ್ರಿ ಅಕ್ಕಾರ, ಕೋಳಿ ಅಲ್ಲ."

"ಕೋಳಿ ಆಗಿದ್ರ ತಾನ ಒದರತಿತ್ತು. ಇದಕ್ಕ ಬಾಯಿಲ್ಲಂತ ನಾ ಒದರಾಕತ್ತೀನಿ!"

ಕಡೆಗೆ ಗಾಲಿಗಳನ್ನಷ್ಟೇ ಹಿಡಿಯುವ ಸ್ಟ್ಯಾಂಡ್ ಬಂತು. ಅತ್ತೆಗೆ ಸಮಾಧಾನ. "ಈಗ ನೋಡು, ಕಾಲ ಹಿಡದ್ರ ಯಾರೂ ಬ್ಯಾಡನ್ನಂಗಿಲ್ಲ," ಎಂದಳು.

ಮನೆಗೆ ಬಂದವಳೇ ಟೇಪು ಹಿಡಿದು ಸೈಕಲ್ಲಿನ ಒಂದೊಂದು ಕೊಳವೆಯನ್ನೂ ಅಳೆದಳು. ಒಳಗೆ ಹಳೆಯ ಕೌದಿ, ಹೊರಗೆ ಅಂಗಡಿಯಲ್ಲಿ ಉಳಿದಿದ್ದ ಖಣದ ಬಟ್ಟೆ, ಅದಕ್ಕೆ ಕೆಂಪು ಅಂಚು! "ಸಡ್ಲ ಇದ್ರ ಗಾಳಿ ಹೊಗತೈತಿ," ಎಂದು ಎರಡು ಸಲ ಬಿಚ್ಚಿ ಹೊಲಿದಳು. ನನ್ನ ಮದುವೆಯ ಅಂಗಿಗೂ ಇಷ್ಟು ಕಾಳಜಿ ಮಾಡಿರಲಿಲ್ಲ, ಖರೇ ಹೇಳುತ್ತೇನೆ.

ಇನ್ನು ಪ್ರಯಾಣ! ರಸ್ತೆಯಲ್ಲಿ ಉಬ್ಬು ಬಂದರೆ ಕಾರು ನಿಲ್ಲುತ್ತಿತ್ತು, ನಾನು ಇಳಿಯಬೇಕಿತ್ತು. ಭಾರ ಕಡಿಮೆಯಾದರೆ ಸೈಕಲ್ಲಿಗೆ ಕುಲುಕಾಟ ಕಡಿಮೆಯಂತೆ! ಒಮ್ಮೆ ಹೀಗೆ ಇಳಿದು ನಡೆಯುತ್ತಿದ್ದಾಗ ಎತ್ತಿನ ಗಾಡಿಯೊಂದು ನಮ್ಮನ್ನು ದಾಟಿ ಹೋಯಿತು. ಗಾಡಿಯವನು ನನ್ನನ್ನು ನೋಡಿ, "ಹತ್ರಿ, ಲಗೂ ಮುಟ್ಟಸ್ತೀನಿ," ಎಂದ.

ಇಟಗಿಯ ಹತ್ತಿರ ಕಾರು ನಿಲ್ಲಿಸಿದ್ದಾಗ ಭೀಮಾಂಬಿಕೆಯ ದರ್ಶನಕ್ಕೆ ಹೊರಟ ಮುದುಕಿಯೊಬ್ಬಳು ಖಣ ಹೊದ್ದ ನಮ್ಮ ಸೈಕಲ್ಲಿಗೆ ಕೈಮುಗಿದು ಗಲ್ಲ ಬಡಿದುಕೊಂಡಳು.

"ಯಾವೂರ ದೇವಿರ್ರಿ?"

"ರೋಣದಾಕಿರಿ," ಎಂದಳು ಅತ್ತೆ, ಮುಖ ಗಂಭೀರ ಮಾಡಿಕೊಂಡು.

ಕಳೆದ ಸುಗ್ಗಿಯಲ್ಲಿ ಗಜೇಂದ್ರಗಡದ ಗುಡ್ಡ ಹತ್ತುವ ರೇಸು ಇತ್ತು. ಅನಿತಾ ವರ್ಷವೆಲ್ಲ ಕಾದ ರೇಸು. ಬೆಳಿಗ್ಗೆ ಮೂವರೂ ಹೊರಟೆವು. ಸೂಡಿ ದಾಟಿದ ಮೇಲೆ ಹೊಲದಿಂದ ಒಬ್ಬ ಗಂಡಸು ಕೈ ಬೀಸುತ್ತ ಓಡಿ ಬಂದ. ಕಡಲೆ ಕೀಳುತ್ತಿದ್ದ ಅವನ ಹೆಂಡತಿಗೆ ಹಾವು ಕಚ್ಚಿತ್ತು. ಮುಶಿಗೇರಿಯವರು, ಕೂಲಿಗೆ ಬಂದವರು. ಅವನು ಅತ್ತೆಯನ್ನು ಬೇಡಿಕೊಳ್ಳಬೇಕಾಗಲೇ ಇಲ್ಲ.

"ಲಗೂ ಹತ್ರಿ, ಗಜೇಂದ್ರಗಡದ ದವಾಖಾನಿಗೆ ಹೋಗೂನು!" ಎಂದಳು ಅತ್ತೆ.

ಹಿಂದಿನ ಸೀಟಿನಲ್ಲಿ ಆ ಹೆಂಗಸನ್ನು ಮಲಗಿಸಬೇಕು, ಜೊತೆಗೆ ಹೊಲದಲ್ಲೇ ಇದ್ದ ಅವಳ ಗಂಡನ ತಾಯಿ, ಮುಂದೆ ಗಂಡ. ನಾನೂ ಅನಿತಾಳೂ ಕೆಳಗಿಳಿದೆವು. ಅವರು ಹತ್ತುವಷ್ಟರಲ್ಲಿ ಅನಿತಾ ಗಾಲಿಯ ಪಟ್ಟಿ ಬಿಚ್ಚಿ ಸೈಕಲ್ಲು ಇಳಿಸಿಕೊಂಡಿದ್ದಳು. "ಅವ್ವ, ನೀ ನಡಿ. ನಾ ತುಳಕೊಂಡ ಬರ್ತೀನಿ."

ಮುಂದಿನ ರಸ್ತೆ ಎಂಥದೆಂದು ಅತ್ತೆಗೆ ಗೊತ್ತಿತ್ತು, ಬರೀ ತಗ್ಗು-ಗುಂಡಿ. ಸೈಕಲ್ಲಿನ ಕಡೆ ಕಣ್ಣೂ ಹಾಯಿಸಲಿಲ್ಲ. "ಹುಷಾರ ಬಾ," ಎಂದವಳೇ ಕಾರು ಓಡಿಸಿದಳು. ಆ ಓಟ! ಉಬ್ಬುಗಳ ಮೇಲೆ ಕಾರು ಹಾರಿ ಹಾರಿ ಬೀಳುವುದನ್ನು ನಾನು ಸೈಕಲ್ಲಿನಿಂದ ಬಿಚ್ಚಿದ ಕುಪ್ಪಸ ಕೈಯಲ್ಲಿ ಹಿಡಿದು ನೋಡುತ್ತ ನಿಂತೆ. ಅನಿತಾ ಆಗಲೇ ಕಣ್ಮರೆಯಾಗಿದ್ದಳು.

ಯಾರದೋ ಬೈಕು ಸಿಕ್ಕಿ ನಾನು ಗಜೇಂದ್ರಗಡ ಮುಟ್ಟುವಷ್ಟರಲ್ಲಿ ರೇಸು ಶುರುವಾಗಿತ್ತು. ಉಳಿದ ಹುಡುಗಿಯರು ವಿಶ್ರಾಂತಿ ಪಡೆದು ಹೊರಟವರು. ನಮ್ಮವಳು ಬಂದ ಉಸಿರಿನಲ್ಲೇ ಸಾಲಿನಲ್ಲಿ ನಿಂತವಳು. ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಳಗೆ, ಆ ಕಡಿದಾದ ತಿರುವಿನಲ್ಲಿ, ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು. ಕೊನೆಗೆ ಅರ್ಧ ಗಾಲಿಯಷ್ಟರಲ್ಲಿ ಮೊದಲ ಸ್ಥಾನ ತಪ್ಪಿ ಎರಡನೆಯವಳಾದಳು. ನಾನು ಕೂಗಿದ ಕೂಗಿಗೆ ಗಂಟಲು ಬಿದ್ದುಹೋಯಿತು.

ಸೈಕಲ್ಲನ್ನು ಹಾಗೇ ಮಣ್ಣಿನಲ್ಲಿ ಕೆಡವಿ ಅನಿತಾ ಕುಸಿದು ಕುಳಿತಳು. ಅಷ್ಟರಲ್ಲಿ ಅತ್ತೆ ಜನರನ್ನು ಸರಿಸುತ್ತ ಬಂದಳು, ಸೈಕಲ್ಲನ್ನು ದಾಟಿ ಮಗಳ ಎದುರಿಗೆ ನಿಂತಳು. ಅನಿತಾ ತನ್ನ ರೇಸಿನ ಸುದ್ದಿ ಎತ್ತಲೇ ಇಲ್ಲ.

"ಅವ್ವ, ಆಕಿ?"

"ಜೀವಕ್ಕ ಧೋಕಾ ಇಲ್ಲಂದ್ರು ಡಾಕ್ಟರು. ಕಣ್ಣ ತೆರದು ನೀರ ಕೇಳಿದ್ಲು."

ಆಗ ಹುಡುಗಿ ಅತ್ತುಬಿಟ್ಟಳು. ಅತ್ತೆ ಅಲ್ಲೇ ನೆಲಕ್ಕೆ ಕುಳಿತು, ಅಷ್ಟೂ ಜನರ ನಡುವೆ ಮಗಳ ಎರಡೂ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು.

ಪಕ್ಕದಲ್ಲಿದ್ದವರೊಬ್ಬರು ನನ್ನನ್ನು ಕೇಳಿದರು: "ಯಾರ್ರಿ ಈ ಅಕ್ಕಾರು?"

"ನಮ್ಮತ್ತಿರಿ," ಎಂದೆ. ಆಮೇಲೆ ಮಣ್ಣಿನಲ್ಲಿ ಬಿದ್ದಿದ್ದ ಸೈಕಲ್ಲನ್ನು ಎತ್ತಿ, ಅದಕ್ಕೆ ಕುಪ್ಪಸ ತೊಡಿಸಿ ಗುಂಡಿ ಹಾಕತೊಡಗಿದೆ.