ಉಚ್ಚೆಯ ಋಣ

ಪಶುವೈದ್ಯ ರೋಗಶಾಸ್ತ್ರದಲ್ಲಿ ನಾನು ಆರಿಸಿಕೊಂಡಿದ್ದು ದನಕುರಿಗಳ ಮೂತ್ರದ ಕಾಯಿಲೆಗಳನ್ನು. ಅಂದರೆ ಕಿಡ್ನಿ, ಮೂತ್ರಕೋಶ, ಅವುಗಳಲ್ಲಿ ಬೆಳೆಯುವ ಕಲ್ಲು. ಇಂಥ ಓದು ಕಟ್ಟಿಕೊಂಡು ಶಿರಾ, ಮಧುಗಿರಿ ಕಡೆ ಸುತ್ತುವವಳು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕೈಯಲ್ಲಿ ಸೀಸೆ ಹಿಡಿದು ನಿಂತರೆ ಸಾಕು, ತಾವಾಗಿಯೇ ಬರುತ್ತವೆ.

ನಾಚಿಕೆ

ಹುಲಿಕುಂಟೆಯ ಅಜ್ಜಿಯೊಬ್ಬರ ಹಸುವಿನ ಗಂಜಲ ಕೆಂಪಗಾಗಿತ್ತು. ಪರೀಕ್ಷೆಗೆ ಬೇಕು ಎಂದಿದ್ದೇ ತಡ, ಅಜ್ಜಿ ಕೊಟ್ಟಿಗೆ ಗುಂಡಿಯಿಂದ ಬಕೆಟ್ ತುಂಬ ಮೊಗೆದು ತಂದರು. ಎಲ್ಲ ದನಗಳದ್ದೂ ಸೇರಿದ್ದು ಬೇಡ, ಈ ಹಸುವಿನದೇ ಬೇಕು ಎಂದು ಸೀಸೆ ಹಿಡಿದು ಅದರ ಹಿಂದೆ ಕೂತೆ. ನೋಡಲು ಅರ್ಧ ಬೀದಿ ಸೇರಿತು. ಪುಸ್ತಕದಲ್ಲಿ ಬರೆದಂತೆ ಬಾಲದ ಕೆಳಗೆ ನವಿರಾಗಿ ಸವರಿದೆ. ಹಸು ಮೆಲುಕು ಹಾಕಿತೇ ಹೊರತು ಒಂದು ತೊಟ್ಟೂ ಕೊಡಲಿಲ್ಲ. ಕೊನೆಗೆ ಅಜ್ಜಿ ಎಲ್ಲರನ್ನೂ ಗದರಿದರು.

“ಹೆಣ್ಣುಜೀವ ಕಣ್ರಪ್ಪ. ಇಂಗೆ ಊರೆಲ್ಲ ನೋಡ್ತಿದ್ರೆ ಹೆಂಗೆ ಹೊಯ್ತದೆ? ಆ ಕಡೆ ತಿರುಗ್ರಿ.”

ಬೀದಿಯೆಲ್ಲ ತಿರುಗಿತು. ನಾನೂ ತಿರುಗಿದೆ. ಹಸು ಧಾರಾಳವಾಗಿ ಹೊಯ್ದಿತು, ನನ್ನ ಬೆನ್ನಿನ ಮೇಲೆ. ಸೀಸೆಗೆ ಸಿಕ್ಕ ಕೊನೆಯ ನಾಲ್ಕು ತೊಟ್ಟಿನಲ್ಲೇ ರೋಗ ಗೊತ್ತಾಗಿ ಹಸು ಉಳಿದುಕೊಂಡಿತು. ನನಗೆ ಬಿಸಿನೀರು ಕಾಯಿಸಿಕೊಟ್ಟ ಅಜ್ಜಿ, ಗಂಜಲ ಮೈಮೇಲೆ ಬಿದ್ದರೆ ಪುಣ್ಯ, ನೀನು ಪಾಸಾಗುತ್ತೀಯ ಎಂದು ಹರಸಿದರು.

ಪಾಸಾದೆ.

ಡಬ್ಬಿಯಲ್ಲಿ ಏನು

ಪಾವಗಡದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮಡಿಲಲ್ಲಿ ಡಬ್ಬಿ, ಅದರೊಳಗೆ ಔಷಧಿ ನೀರಿನಲ್ಲಿ ಮುಳುಗಿಸಿದ ಕುರಿ ಕಿಡ್ನಿ. ಪಕ್ಕದಲ್ಲಿ ಬಲಸಮುದ್ರದ ಹೆಂಗಸೊಬ್ಬರು. ಡಬ್ಬಿಯಲ್ಲಿ ಏನು ಎಂದು ಕೇಳಿದರು, ಹೇಳಿದೆ. ಹಾಸ್ಟೆಲ್ಲಿನಲ್ಲಿ ಇದ್ದೀಯಾ ಎಂದರು, ಹೌದು ಎಂದೆ. ಅವರ ಕಣ್ಣಲ್ಲಿ ನೀರು ಬಂತು. ಔಷಧಿಯ ಘಾಟಿರಬೇಕು ಎಂದು ಮುಚ್ಚಳ ಬಿಗಿ ಮಾಡಿದೆ. ಅವರು ಚೀಲದಿಂದ ರೊಟ್ಟಿ, ಕಡ್ಲೆಕಾಯಿ ಚಟ್ನಿ ತೆಗೆದು ನನ್ನ ಕೈಗಿಟ್ಟರು.

“ಪಾಪಂ, ಹಾಸ್ಟೆಲ್ನಾಗೆ ನಿಮ್ಗೆ ಕೊಡೋದು ಇದೇನಾ? ತಿನಮ್ಮಾ.”

ತಿದ್ದಿ ಹೇಳೋಣ ಎಂದುಕೊಂಡೆ. ಆದರೆ ಚಟ್ನಿ ಬಹಳ ಚೆನ್ನಾಗಿತ್ತು.

ಟಗರಿನ ಕಲ್ಲು

ನಮ್ಮ ಶಾಸ್ತ್ರದವರು ಪ್ರಾಣಿಯನ್ನು ನೋಡುವುದು ಹೆಚ್ಚಾಗಿ ಅದು ಸತ್ತ ಮೇಲೆ. ಹಾಗಾಗಿ ಕೊರಟಗೆರೆ ಬಳಿಯ ಹಳ್ಳಿಯೊಂದಕ್ಕೆ ಅಲ್ಲಿನ ಪಶುವೈದ್ಯರು ಕರೆದಾಗ ಖುಷಿಯಿಂದ ಹೋದೆ. ಕುರಿ ಸಾಕುವ ದಂಪತಿಯ ಟಗರಿಗೆ ಹಿಂದಿನ ದಿನದಿಂದ ಉಚ್ಚೆ ಕಟ್ಟಿತ್ತು. ತಾಯಿಯಿಲ್ಲದ ಮರಿಯೆಂದು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಹೆಂಡತಿ ಅದರ ಕೊಂಬು ಹಿಡಿದು ಕೂತಿದ್ದರು. ಗಂಡ ನೋಡಲಾರದೆ ದೂರ ಬೇವಿನ ಮರದ ಆಚೆ ನಿಂತಿದ್ದರು.

ಡಾಕ್ಟರು ಮರಗಟ್ಟಿಸುವ ಸೂಜಿ ಹಾಕಿ, ಟಗರಿನ ಶಿಶ್ನದ ತುದಿಯಲ್ಲಿರುವ ದಾರದಂಥ ಭಾಗದಲ್ಲಿ ಸಿಕ್ಕಿಕೊಂಡ ಕಲ್ಲನ್ನು ನನಗೆ ತೋರಿಸಿದರು. ಅಷ್ಟನ್ನು ಮಾತ್ರ ಕತ್ತರಿಸಿ ತೆಗೆದರು. ಧಾರೆ ಚಿಮ್ಮಿತು. ಆಕೆ ಅಳುತ್ತ ನಗುತ್ತ ನನ್ನ ಕೈ ಹಿಡಿದುಕೊಂಡರು. ನಾನು ಓದಿದ ರೋಗವೊಂದು ಕಣ್ಣೆದುರೇ ವಾಸಿಯಾಗಿದ್ದು ಅಂದೇ ಮೊದಲು. ಆ ಟಗರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಸದ್ದು ಕೇಳಿ ಗಂಡ ಓಡಿ ಬಂದರು. ಅವರಿಗೂ ಕಲ್ಲಿತ್ತಂತೆ, ಮಾತ್ರೆ ನುಂಗಿ ಸಾಕಾಗಿತ್ತಂತೆ. ಜಾಸ್ತಿ ನೀರು ಕುಡಿ ಎಂದರೆ ಕೇಳುವುದೇ ಇಲ್ಲ ಎಂದು ಹೆಂಡತಿ ದೂರಿದರು. ಗಂಡನ ಕಣ್ಣು ಟಗರಿನ ಮೇಲೇ ಇತ್ತು. “ಇದಕ್ಕೆ ಮಾಡಿದ್ದೇ ನಂಗೂ ಮಾಡ್ಬುಡಿ ಡಾಕ್ಟ್ರೇ” ಎಂದರು.

ಮಾಡಿದ್ದೇನು ಎಂಬುದನ್ನು ಡಾಕ್ಟರು ಕತ್ತರಿ ಎತ್ತಿ ತೋರಿಸಿ ವಿವರಿಸಿದರು.

ಗಂಡ ಎರಡೂ ಕೈಯಲ್ಲಿ ಪಂಚೆ ಗಟ್ಟಿಯಾಗಿ ಹಿಡಿದುಕೊಂಡು ಹೆಂಡತಿಯ ಕಡೆ ತಿರುಗಿದರು.

“ಲೇ, ಒಂದ್ ಬಿಂದಿಗೆ ನೀರು ತಗಂಬಾ.”